ಎಣ್ಣೆ ಕುಡಿದ ಪಚ್ಚೆ

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಪುಟ್ಟ ಒಡವೆ ಅಂಗಡಿ. ಅದು ಶುರುವಾದ ವರ್ಷ ಒಂದು ಪಚ್ಚೆ ಉಂಗುರ ಮಾಡಿಸಿ ಅಕ್ಕನ ಕಿರುಬೆರಳಿಗೆ ಹಾಕಿದೆ. ಅಮ್ಮ ಹೋದ ಮೇಲೆ ನನಗೆ ಉಣ್ಣಿಸಿ, ಬೈದು, ಬೆಳೆಸಿದವಳು ಅವಳೇ. "ಬುಧನ ಕಲ್ಲು ಕಣಕ್ಕ, ಕೈಯಿಂದ ತೆಗೀಬೇಡ" ಎಂದು ದೊಡ್ಡ ಪಂಡಿತನ ಹಾಗೆ ಹೇಳಿದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಬಿರುಕಿಲ್ಲದ ಪಚ್ಚೆ ಅಪರೂಪ. ಬಿರುಕಿಗೆ ಎಣ್ಣೆ ಕುಡಿಸಿದರೆ ಅದು ಕಣ್ಣಿಗೆ ಬೀಳುವುದಿಲ್ಲ, ಕಲ್ಲು ತಿಳಿಯಾಗಿ ಕಾಣುತ್ತದೆ. ಹೇಳಿ ಮಾರಿದರೆ ಅದು ಮೋಸವಲ್ಲ. ಬಿಸಿ ತಾಕಿದರೆ ಎಣ್ಣೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಅಷ್ಟೆಲ್ಲ ಹೇಳಿದರೆ ಉಡುಗೊರೆ ಸಪ್ಪೆಯಾದೀತೆಂದು ಬಾಯಿ ಮುಚ್ಚಿಕೊಂಡೆ. ಅಕ್ಕ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವಳು. ದಿನವಿಡೀ ಅವಳ ಕೈ ಗೂಡು ಬೇಯುವ ಬಿಸಿನೀರಿನಲ್ಲೇ ಇರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ನನ್ನ ಬುದ್ಧಿಗಷ್ಟು ಬೆಂಕಿ ಹಾಕ.

ಹೋದ ವರ್ಷ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ನೋಡಿದೆ. ಉಂಗುರದ ಕಲ್ಲನ್ನು ಅಂಗೈ ಕಡೆಗೆ ತಿರುಗಿಸಿಕೊಂಡು ಬಡಿಸುತ್ತಿದ್ದಳು. ಕೈ ಹಿಡಿದರೆ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಕಲ್ಲು ಮಬ್ಬಾಗಿ ಒಳಗೆಲ್ಲ ಬಿಳಿ ಗೆರೆ ಎದ್ದಿತ್ತು.

"ಬೈಬೇಡ ಕಣಪ್ಪ," ಎಂದಳು. "ಎಲ್ಲೋ ತಗಲಿಸಿ ಒಡೆದುಬಿಟ್ಟೆ ಅನ್ಸತ್ತೆ. ಅಷ್ಟು ಆಸೆಯಿಂದ ಕೊಟ್ಟಿದ್ದೆ ನೀನು. ಹೇಳಕ್ಕೆ ಬಾಯಿ ಬರ್ಲಿಲ್ಲ."

"ಎಷ್ಟು ದಿನ ಆಯ್ತು?"

"ಎರಡು ವರ್ಷ ಆಯ್ತೇನೋ."

ಎರಡು ವರ್ಷ ನನ್ನೆದುರು ಕೈ ಮರೆಮಾಡಿಕೊಂಡು ಬಡಿಸಿದ್ದಾಳೆ. ಕಲ್ಲಿನ ವ್ಯಾಪಾರಿಯ ಕಣ್ಣಿಗೇ ಅದು ಬೀಳಲಿಲ್ಲ.

"ನೀನು ಒಡೆದಿಲ್ಲಕ್ಕ," ಎಂದೆ. "ಬಿರುಕು ಮೊದಲಿಂದ್ಲೂ ಇತ್ತು. ಎಣ್ಣೆ ಕುಡಿಸಿ ಮುಚ್ಚಿದ್ರು, ನಿನ್ ಬಿಸಿನೀರಿಗೆ ಅದು ಹೋಯ್ತು. ಗೊತ್ತಿದ್ದೂ ನಾನು ಹೇಳ್ಲಿಲ್ಲ. ಮತ್ತೆ ಎಣ್ಣೆ ಕುಡಿಸಿ ಕೊಡ್ತೀನಿ, ಕೆಲಸಕ್ಕೆ ಕೂರೋವಾಗ ತೆಗೆದಿಡು."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ಸದ್ಯ, ನಾನಲ್ವಲ್ಲ!" ಎಂದು ನಕ್ಕಳು, ಕಣ್ಣಲ್ಲಿ ನೀರೂ ಬಂತು. ಸ್ವಲ್ಪ ಹೊತ್ತಿಗೆ ಕೇಳಿದಳು: "ಅಂಗಡಿಗೆ ಬರೋರಿಗೆಲ್ಲ ಹೇಳ್ತೀಯ ತಾನೆ?"

"ಕೇಳಿದ್ರೆ ಹೇಳ್ತೀನಕ್ಕ."

"ಕೇಳ್ಬೇಕು ಅಂತ ಅವರಿಗೆ ಹೆಂಗಪ್ಪ ಗೊತ್ತಾಗತ್ತೆ? ನಂಗೆ ಗೊತ್ತಿತ್ತಾ?"

ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಮಾರನೆಯ ದಿನ ಮಂಚೇನಹಳ್ಳಿಯಿಂದ ಗಂಡ ಹೆಂಡತಿ ಪಚ್ಚೆ ನೋಡಲು ಬಂದರು. ಕಲ್ಲು ಅವರ ಕೈಗಿಡುವ ಮೊದಲೇ ಬಿರುಕು, ಎಣ್ಣೆ, ಬಿಸಿನೀರು ಎಲ್ಲ ಹೇಳಿದೆ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ಅಕ್ಕನಿಗೆ ಫೋನ್ ಮಾಡಿ ಅದನ್ನೂ ಹೇಳಿದೆ.