ಹೆಡ್ ಅಕ್ಕೋರ ಮಗಳ ಪಾಲಕರು

ರಂಜನಾ ಅಕ್ಕೋರು ಅಗಸೂರಿನ ಹೈಸ್ಕೂಲಿಗೆ ಹೆಡ್ ಮಿಸ್ಟ್ರೆಸ್ ಆದಂದಿನಿಂದ ಊರಿಗೆಲ್ಲ ಒಂದೇ ಚಿಂತೆ: ಇಷ್ಟೆಲ್ಲದರ ನಡುವೆ ಇವರು ಮನೆ ಹೇಗೆ ನೋಡಿಕೊಳ್ಳುತ್ತಾರೆ? ಬಸ್ಸಿನಲ್ಲೂ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಕಾರವಾರದಲ್ಲಿ ಗುಮಾಸ್ತರಾಗಿರುವ ಅವರ ಗಂಡ ಶಾಂತಾರಾಮರನ್ನು ಈ ಪ್ರಶ್ನೆ ಯಾರೂ ಕೇಳಿದ್ದಿಲ್ಲ. ಅವರಿಗೆ ಸಿಗುವುದು ಬರೀ ಹೊಗಳಿಕೆ.

"ಹೆಂಡತಿಗೆ ನೌಕ್ರಿ ಮಾಡೂಕೆ ಬಿಟ್ಟಿದ್ರಿ. ದೊಡ್ಡ ಮನಸ್ಸು ನಿಮ್ದು."

ಶಾಂತಾರಾಮರು ವಿನಯದಿಂದ ಒಪ್ಪಿಕೊಳ್ಳುತ್ತಾರೆ. ಆ ದೊಡ್ಡ ಮನಸ್ಸಿಗೆ ತಾನು ಕುಡಿದ ಚಹಾದ ಲೋಟ ಎತ್ತಿಡುವುದು ಮಾತ್ರ ಈವರೆಗೆ ಸಾಧ್ಯವಾಗಿಲ್ಲ.

ಅಕ್ಕೋರೇನು ಕಡಿಮೆಯಲ್ಲ. ಪಾಲಕರ ಸಭೆಗೆ ತಂದೆಯೋ ತಾಯಿಯೋ ಬಾರದ ಮಕ್ಕಳು ಸಭೆ ಮುಗಿಯುವ ತನಕ ಜಗಲಿಯಲ್ಲಿ ಕೂರಬೇಕೆಂದು ನಿಯಮ ಮಾಡಿದವರು ಅವರೇ. ನಾಚಿಕೆಗಾದರೂ ಪಾಲಕರು ಬರುತ್ತಾರೆ ಎಂಬ ಲೆಕ್ಕಾಚಾರ. ನಾಚಿಕೆ ಮಾತ್ರ ಕೂಲಿಗೆ ಹೋದವರ ಮಕ್ಕಳ ಪಾಲಿಗೆ ಬಂತು. ಕೆಟ್ಟ ನಿಯಮ, ಆದರೆ ಇಲಾಖೆಯವರು ಮೆಚ್ಚಿದ್ದರು.

ಈ ಸಲದ ಸಭೆ ಎರಡನೇ ಶನಿವಾರ. ಅಕ್ಕೋರು ವೇದಿಕೆಯ ಮೇಲೆ ನಿಂತು, ಸಂಜೆ ಮಕ್ಕಳ ಹತ್ತಿರ ಕೂತು ಮಾತಾಡಬೇಕು ಎಂದು ತಾಯಂದಿರಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ಅದೇ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದ ಅವರ ಮಗಳು ನಿಶಾ ಎದ್ದು ಹೋಗಿ ಜಗಲಿಯಲ್ಲಿ ಕೂತಳು. ಅವಳ ಕ್ಲಾಸಿನ ಮಂಜು ಮಾಸ್ತರರು ಬೆವೆತುಹೋದರು.

"ತಂಗಿ, ಒಳಗೆ ಬಾ. ನಿಮ್ಮ ಆಯಿ ಅಲ್ಲೇ ಇದ್ರಲ್ಲ."

"ಅವ್ರು ಹೆಡ್ ಅಕ್ಕೋರು, ಸರ್. ನನ್ನ ವಿಷ್ಯ ಕೇಳೂಕೆ ಯಾರೂ ಬಂದಿಲ್ಲ."

ಮಾತು ವೇದಿಕೆಗೂ ಕೇಳಿಸಿತು. ಹಿಂದಿನ ಸಂಜೆ ಮಗಳು ಏನೋ ಹೇಳಲು ಬಂದಾಗ, ಇಲಾಖೆಯ ಆ್ಯಪಿಗೆ ಮಾಹಿತಿ ತುಂಬುತ್ತಿದ್ದ ಅಕ್ಕೋರು ತಲೆ ಎತ್ತದೆ "ಆಮೇಲೆ" ಅಂದಿದ್ದರು. ಈಗ ಮಗಳನ್ನು ಒಳಗೆ ಕರೆದರೆ ಉಳಿದ ಮಕ್ಕಳಿಗೆ ಮೋಸ, ಕರೆಯದಿದ್ದರೆ ತನ್ನ ಕೂಸಿನ ಮಾನ ಊರ ಮುಂದೆ ಹರಾಜು. ಅವರು ಪಕ್ಕಕ್ಕೆ ಸರಿದು ಅಂಕೋಲೆಯ ಮನೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದರು.

"ನಿಶಾನ ಕಡೆಯವ್ರು ಯಾರೂ ಬಂದಿಲ್ಲ. ನೀವು ಬರ್ಬೇಕು."

"ನೀನೇ ಅಲ್ಲಿದ್ದಿಯಲ್ಲೇ," ಎಂದರು ಶಾಂತಾರಾಮರು. "ಇವತ್ತೊಂದು ರಜೆ ನಂಗೆ. ಬಂಗಡೆ ಮೀನು ತಂದಿಟ್ಟಿದ್ದೆ."

"ಬಂಗಡೆ ಎಲ್ಲೂ ಓಡಿ ಹೋಗೂದಿಲ್ಲ. ಮಗಳು ಜಗಲಿ ಮೇಲೆ ಕೂತಿದ್ದಾಳೆ."

ಶಾಂತಾರಾಮರು ಗೊಣಗುತ್ತ ಬೈಕಿನಲ್ಲಿ ಬಂದರು. ಬಂದವರು ನೇರ ಎಂಟನೇ ತರಗತಿಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು. ಮಗಳು ವರ್ಷಕ್ಕೊಂದು ತರಗತಿ ಮೇಲೆ ಹೋಗುತ್ತಾಳೆಂಬುದು ಅವರ ನೆನಪಿನಲ್ಲಿರಲಿಲ್ಲ. ಕೊನೆಗೆ ಶಾಲೆಯ ಜವಾನ ಜಟ್ಟ ಕೈಹಿಡಿದು ಸಭೆಗೆ ಕರೆತಂದ.

ಅವರನ್ನು ಕಂಡು ಸಭೆ ಪುಳಕಗೊಂಡಿತು. ದೂರದ ರಾಮನಗುಳಿಯಿಂದ ಕಂಕುಳಲ್ಲಿ ಕೂಸು ಹೊತ್ತು ಬಂದ ತಾಯಂದಿರಿಗೆ ಯಾರೂ ನೀರು ಬೇಕೇ ಎಂದಿರಲಿಲ್ಲ. ಗಂಡಸೊಬ್ಬ ರಜೆ ಬಿಟ್ಟು ಬಂದದ್ದು ದೊಡ್ಡ ಸುದ್ದಿಯಾಯಿತು. ಶಾಲಾ ಸಮಿತಿಯ ಅಧ್ಯಕ್ಷ ರಾಮನಾಥರ ಬಳಿ, ಬಾರದೆ ಉಳಿದ ಮುಖ್ಯ ಅತಿಥಿಯ ಶಾಲು ಇತ್ತು. ಅವರು ಶಾಂತಾರಾಮರನ್ನು ವೇದಿಕೆಗೆ ಕರೆದು 'ಆದರ್ಶ ಪಾಲಕ' ಎಂದು ಘೋಷಿಸಿದರು.

"ಅಕ್ಕೋರೇ, ಇಂಥ ಗಂಡ ಇದ್ದದ್ದಕ್ಕೇ ಅಲ್ದಾ ನಿಮ್ಗೆ ಇದೆಲ್ಲ ಆಗೂದು? ಶಾಲು ನೀವೇ ಹೊದಿಸ್ಬೇಕು."

ಅಕ್ಕೋರು ಹೊದಿಸಿದರು. ತಾಯಂದಿರೂ ಚಪ್ಪಾಳೆ ಹೊಡೆದರು. ಆಮೇಲೆ ಅಕ್ಕೋರು ಮೈಕು ಹಿಡಿದು, "ಜಗಲಿಯಲ್ಲಿರುವ ಮಕ್ಕಳೆಲ್ಲ ಒಳಗೆ ಬನ್ನಿ. ಇನ್ನು ಯಾರೂ ಅಲ್ಲಿ ಕೂರುವುದು ಬೇಡ," ಎಂದರು.

ಮಕ್ಕಳು ಬಂದರು. ನಿಶಾ ಕೊನೆಗೆ ಬಂದಳು. ಶಾಲು ಹೊದ್ದು ನಿಂತ ಅಪ್ಪನ ಕಡೆ ನೋಡದೆ ವೇದಿಕೆಯ ಅಂಚಿಗೆ ಬಂದು ನಿಂತಳು.

"ಆಯಿ, ಕೆಳಗೆ ಬಾ. ನನ್ನ ವಿಷ್ಯ ಹೇಳೂಕೆ ಮಂಜು ಸರ್ ಕಾಯ್ತಿದ್ರು."

"ಭಾಷಣ ಅರ್ಧಕ್ಕೇ ನಿಂತದ್ಯಲ್ರೀ ಅಕ್ಕೋರೇ," ಎಂದು ರಾಮನಾಥರು ನೆನಪಿಸಿದರು.

ಅಕ್ಕೋರು ಮೈಕನ್ನು ಗಂಡನ ಕೈಗೆ ಕೊಟ್ಟರು. "ಮಕ್ಕಳ ಹತ್ರ ಕೂತು ಏನು ಮಾತಾಡ್ಬೇಕು ಅಂತ ಹೇಳ್ತಿದ್ದೆ. ಮುಂದಿದ್ದು ಆದರ್ಶ ಪಾಲಕರು ಹೇಳ್ತಾರೆ."

ಅಕ್ಕೋರು ಕೆಳಗಿಳಿದು ಮಗಳ ಪಕ್ಕ ಬೆಂಚಿನಲ್ಲಿ ಕೂತರು. ಶಾಂತಾರಾಮರು ಮೈಕಿನೊಳಗೆ ಒಮ್ಮೆ ಕೆಮ್ಮಿದರು, ಮತ್ತೊಮ್ಮೆ ಕೆಮ್ಮಿದರು. ತಾಯಂದಿರೆಲ್ಲ ಅವರ ಬಾಯನ್ನೇ ನೋಡುತ್ತ ಕಾದರು.