ಇಬ್ಭಾಗನಹಳ್ಳಿ

ಇದೆಲ್ಲ ಹೀಗೇ ನಡೆಯಿತೋ, ಹೇಳಿ ಹೇಳಿ ನಾನೇ ಬೆಳೆಸಿದೆನೋ ಗೊತ್ತಿಲ್ಲ. ಜಕ್ಕೂರಿನ ನಮ್ಮ ಮನೆ ಮಾಲೀಕರು ಏನು ಹೇಳಿದರೂ ಹೆಗಲ ಟವೆಲ್ ಕೊಡವಿ, "ಬೇಕಾದ್ರೆ ಹೋಗಿ ನೋಡ್ಕೊಂಡ್ ಬನ್ನಿ ಸಾ" ಎಂದು ಮುಗಿಸುತ್ತಿದ್ದರು. ಅಂಗಳದ ನಡುವೆ ಗೋಡೆ, ಅದರಾಚೆ ಅವರ ತಮ್ಮನ ಮನೆ. ಆಸ್ತಿ ಪಾಲಾದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು.

ಒಂದು ಬೆಳಿಗ್ಗೆ ಅವರಿಗೆ ದೂರದ ಗ್ರಹವೊಂದರ ಸುದ್ದಿ ಹೇಳಿದೆ. ಹೆಸರು ಎಲ್‌ಎಚ್‌ಎಸ್ 3844 ಬಿ. ಅದರ ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ.

"ಅದೇನ್ ಸಾ, ಸ್ಕೂಟರ್ ನಂಬರಾ? ಇಬ್ಭಾಗನಹಳ್ಳಿ ಅನ್ನಿ. ಅಣ್ಣ ತಮ್ಮ ಪಾಲು ಮಾಡ್ಕೊಂಡವ್ರೆ. ತಮ್ಮ ಜಗಳಗಂಟ, ಕತ್ತಲೆ ಕಡೆ ತಾನೇ ಕೇಳಿ ತಗೊಂಡ. ಆಮೇಲೆ ಅವನ ಮುನಿಸಿಗೆ ಗ್ರಹ ತಿರುಗೋದೇ ನಿಂತೋಯ್ತು. ಬೇಕಾದ್ರೆ ಹೋಗಿ ನೋಡ್ಕೊಂಡ್ ಬನ್ನಿ."

ಗೋಡೆಯಾಚೆಯಿಂದ ತಮ್ಮ ಗುಡುಗಿದ: "ಸುಳ್ಳು! ಬಿಸಿಲಿನ ಕಡೇನ ಅಣ್ಣನೇ ಮೊದ್ಲು ಬಾಚ್ಕೊಂಡಿದ್ದು!"

ಮಾಲೀಕರ ಕೈಯಲ್ಲಿ ಟವೆಲ್ ಹಾಗೇ ನಿಂತಿತು. ಗೋಡೆಗೆ ಮುಖ ಮಾಡಿ, "ಕಾಫಿ ಆಯ್ತೇನ್ಲಾ?" ಎಂದರು. ತಿಂಡಿ ಎಂದಿದ್ದರೂ ಎಂದಿರಬಹುದು.

ಆ ಮನೆ ಬಿಟ್ಟು ಬಂದ ಮೇಲೂ ಇದೆಲ್ಲ ನಿಜವಾಗಿ ನಡೆಯಿತೇ ಎಂಬ ಅನುಮಾನ ಬಿಡಲಿಲ್ಲ. ಗ್ರಹಕ್ಕೆ ಹೋಗುವುದು ಆಗದ ಮಾತು, ಜಕ್ಕೂರಿಗೆ ಹೋಗಿ ನೋಡಿಕೊಂಡು ಬಂದೆ. ಗೋಡೆಯಲ್ಲಿ ಈಗ ಒಂದು ಗೇಟಿದೆ. ಚಿಲಕ ಎರಡೂ ಕಡೆ ಇದೆ.