ರಾಮವ್ವನ ಮಿಡಿಸೌತೆ, ಅಮೀನಬಿಯ ಒಲೆ

ಬಾಳೆಹೊಸೂರಿನ ಹೊಲದಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಕೂಲಿ ಹೆಂಗಸರ ಮುಂದಾಳು ರಾಮವ್ವ ಸೊಂಟ ಬಗ್ಗಿಸಿ ಬಳ್ಳಿಯ ಎಲೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಾರೆ. ಕಿರುಬೆರಳಿನಷ್ಟು ಮಿಡಿಸೌತೆ ಕಂಡರೆ ಸೀದಾ ಬುಟ್ಟಿಗೆ. ಎಲೆಮರೆಯ ಕಾಯಿ ಎಂದು ನಾವೆಲ್ಲ ಹೊಗಳಿಕೆಗೆ ಹೇಳುತ್ತೇವೆ. ರಾಮವ್ವನಿಗೆ ಅದೇ ದಿನನಿತ್ಯದ ಕಿರಿಕಿರಿ.

"ಇವತ್ತ ಎಲಿ ಕೆಳಗ ಅಡಗಿ ಕುಂತಿದ್ದು ನಾಳಿಗೆ ದಪ್ಪ ಆಗತೈತ್ರಿ. ದಪ್ಪ ಆದ್ರ ಪರದೇಶಕ್ಕ ನಡಿಯಂಗಿಲ್ಲ," ಎಂದು ನಗುತ್ತಾರೆ.

ಈ ಕಾಯಿ ಲಾರಿ ಏರಿ ಕಾರ್ಖಾನೆಗೆ ಹೋಗಿ, ಉಪ್ಪು-ಹುಳಿ ನೀರಿನ ಬಾಟಲಿ ಸೇರಿ, ಹಡಗು ಹತ್ತುತ್ತದೆ. ಊರ ಸಂತೆಯಲ್ಲಿ ಇದನ್ನು ಕೇಳುವವರಿಲ್ಲ. ಹಾಗಾಗಿ ಹೋದ ವರ್ಷ ಹೊರದೇಶದವರು ಕೊಳ್ಳುವುದನ್ನು ನಿಲ್ಲಿಸಿದಾಗ ಊರಿಗೇ ಬಿಸಿ ತಟ್ಟಿತು. ಲಾರಿ ಬರಲಿಲ್ಲ, ಹೆಂಗಸರಿಗೆ ಕೆಲಸವಿಲ್ಲ. ಅವರ ಕೈಯಲ್ಲಿ ಕಾಸಿಲ್ಲದ ಮೇಲೆ ಹೊಲದಂಚಿನ ಅಮೀನಬಿಯ ಚಹಾದಂಗಡಿಯ ಒಲೆಯೂ ಆರಿತು. ರಾಮವ್ವ ಕೂಲಿ ಹುಡುಕಿ ಮುಂಡರಗಿಯವರೆಗೂ ಅಲೆದರು.

"ಅಲ್ಲಿ ಬಾಯಿ ಆಡಿದ್ರ ಇಲ್ಲಿ ಕೈ ಆಡತಾವ್ರಿ. ಇಷ್ಟ ನೋಡ್ರಿ ಯಾಪಾರ," ಎನ್ನುತ್ತಾರೆ.

ಈಗ ಲಾರಿ ಮತ್ತೆ ಬಂದಿದೆ, ಆದರೆ ಪರೀಕ್ಷೆಗೆ. ಇವತ್ತಿನ ಲೋಡು ಕಾರ್ಖಾನೆಯಲ್ಲಿ ಪಾಸಾದರೆ ಹಂಗಾಮು ಪೂರ್ತಿ ಕೆಲಸ. ದಪ್ಪ ಕಾಯಿ ಹೆಚ್ಚು ಕಂಡರೆ ಲಾರಿ ಮತ್ತೆ ಈ ಕಡೆ ಸುಳಿಯುವುದಿಲ್ಲ. ಅದಕ್ಕೇ, "ಸಾಲಿಗೆ ಎರಡೆರಡು ಸಲ ಹೋಗ್ರವ್ವಾ!" ಎಂದು ರಾಮವ್ವ ಜೊತೆಯವರಿಗೆ ಕೂಗುತ್ತಾರೆ. ಬಳ್ಳಿಯ ಮುಳ್ಳಿನಂಥ ಸುಂಕು ತಾಗಿ ಎಲ್ಲರ ಮುಂಗೈಯಲ್ಲೂ ಗೀರು. ಬಿಸಿಲು ಏರುವಷ್ಟರಲ್ಲಿ ಲಾರಿ ಹೊರಡುತ್ತದೆ. ಆಮೇಲೆ ಹೆಂಗಸರೆಲ್ಲ ಬೇಲಿಯ ಬದಿಯಲ್ಲಿ ಕೂತು ಸುದ್ದಿಗೆ ಕಾಯುತ್ತಾರೆ.

ಮಧ್ಯಾಹ್ನ ಹೊಲದೊಡೆಯ ಅಂದಪ್ಪ ಫೋನು ಹಿಡಿದುಕೊಂಡೇ ಬದುವಿನ ಮೇಲೆ ಓಡಿ ಬರುತ್ತಾರೆ.

"ಪಾಸಾತು ನೋಡು ರಾಮಕ್ಕಾ! ನಾಳಿಂದ ದಿನಾ ಲಾರಿ!"

ಹೆಂಗಸರ ಕೇಕೆಗೆ ಬೇಲಿಯ ಹಕ್ಕಿಗಳೆಲ್ಲ ಹಾರುತ್ತವೆ. ಅಮೀನಬಿ ಆಗಲೇ ಒಲೆ ಹಚ್ಚಿದ್ದಾರೆ. "ಇವತ್ತಿನ ಚಾಕ್ಕ ಯಾರರ ರೊಕ್ಕ ಕೊಟ್ರ ನೋಡ್ರಿ ಮತ್ತ!" ಎಂದು ಅಲ್ಲಿಂದಲೇ ಗದರುತ್ತಾರೆ. ನೋಡುವವರಿಗೂ ಹೊಟ್ಟೆ ತುಂಬುವಷ್ಟು ಖುಷಿ.

ಚಹಾ ಮುಗಿಸಿದ ರಾಮವ್ವ ಬುತ್ತಿ ಬಿಚ್ಚಿ, ಉಡಿಯಿಂದ ಒಂದು ದಪ್ಪ ಕಾಯಿ ತೆಗೆಯುತ್ತಾರೆ. ಪರದೇಶಕ್ಕೆ ನಡೆಯದ ಕಾಯಿ ರೊಟ್ಟಿಗೆ ಚೆನ್ನಾಗಿಯೇ ನಡೆಯುತ್ತದೆ. ಇನ್ನೇನು ಆಸೆ ಎಂದು ಕೇಳಿದರೆ, ಕಚ್ಚಿದ ಕಾಯಿ ಅಗಿಯುತ್ತಲೇ ಹೇಳುತ್ತಾರೆ:

"ಆ ಮಂದಿ ಇದನ್ನ ಹುಳಿ ನೀರಾಗಿಂದ ತಗದು ಹಂಗ ತಿಂತಾರಂತ್ರಿ, ಪಾಪ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತಿ ತಿನ್ನಾಕ ಯಾರರ ಹೇಳ್ರಿ ಅವರಿಗೆ. ಆಮ್ಯಾಲ ಒಂದು ಲಾರಿ ಎಲ್ಲಿ ಸಾಕಾಗತೈತಿ!"